ಚೌಕಟ್ಟಿನ ಹಿಂದೆ ಮಡಚಿದ್ದ ಕೈ

ಗುರುವಾರ, ಮಾರ್ಚ್ ೧೪

ಆ ಪುಟ್ಟ ಕೈ ಕಣ್ಣಿನಿಂದ ಹೋಗುತ್ತಿಲ್ಲ.

ಮೆಟ್ಟಿಲ ಮೇಲೆ ಒಬ್ಬಳೇ ಕೂತ ಹೆಂಗಸಿನ ಚಿತ್ರ ಎಲ್ಲರ ಮನೆಯ ಕ್ಯಾಲೆಂಡರಿನಲ್ಲೂ ಇದೆ. ಅದರ ಮೂಲ ಚಿತ್ರವನ್ನೇ ಇವತ್ತು ಅದರ ಒಡತಿ ಹೊಸ ಚೌಕಟ್ಟಿಗೆಂದು ನಮ್ಮ ಅಂಗಡಿಗೆ ತಂದರು. ಹಳೆಯದನ್ನು ಬಿಚ್ಚಿದೆ. ಕ್ಯಾನ್ವಾಸಿನ ಎಡ ಅಂಚನ್ನು ನಾಲ್ಕು ಬೆರಳಷ್ಟು ಹಿಂದಕ್ಕೆ ಮಡಚಿ ಮೊಳೆ ಹೊಡೆದಿದ್ದರು. ಬಿಡಿಸಿದರೆ ಒಂದು ಮಗುವಿನ ಕೈ, ಅವಳ ಬಟ್ಟೆಯ ತುದಿ ಹಿಡಿದು ಎಳೆಯುತ್ತಿದೆ.

ಒಂಬತ್ತನೇ ತರಗತಿಯಲ್ಲಿ ಇದೇ ಚಿತ್ರದ ಬಗ್ಗೆ ಕೇಳಿದ ‘ಈಕೆ ಏಕೆ ಒಂಟಿ?’ ಎಂಬ ಪ್ರಶ್ನೆಗೆ ‘ಒಂಟಿಯಲ್ಲ, ಬಟ್ಟೆಯನ್ನು ಯಾರೋ ಎಳೆಯುತ್ತಿದ್ದಾರೆ’ ಎಂದು ಬರೆದಿದ್ದೆ. ಮೇಷ್ಟ್ರು ಅದನ್ನು ಓದಿ ಇಡೀ ತರಗತಿಯನ್ನು ನಗಿಸಿದರು. ನಾನು ಶಾಲೆ ಬಿಟ್ಟದ್ದು ಆಮೇಲೆ. ಅದೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ, ಗಣಿತವೂ ಇತ್ತು.

ಅಂಗಡಿಯ ಯಜಮಾನರನ್ನು ಕರೆದು ತೋರಿಸಿದೆ. ಅವರು ಹಳೆಯ ಚೌಕಟ್ಟನ್ನು ತಿರುಗಿಸಿ ನೋಡಿದರು.

“ನಮ್ಮಪ್ಪ ಹಾಕಿದ್ದು ಕಣೋ ಈ ಫ್ರೇಮು. ಮರ ಸಾಲ್ದೆ ಮಡಚಿಬಿಟ್ಟಿದಾರೆ.”

“ಹಾಗಾದ್ರೆ ಈಗ ಬಿಡಿಸಿ ಹಾಕೋಣ.”

“ಬಾಯ್ಮುಚ್ಚು. ಇದ್ದ ಹಾಗೇ ಮಡಚಿ ಹೊಡಿ. ಅಪ್ಪನ ಹೆಸರು ಮಣ್ಣುಪಾಲಾಗತ್ತೆ.”

ಮಡಚಲು ಹೋದರೆ ಮಡಿಕೆ ಸರಿಯಾಗಿ ಮಗುವಿನ ಬೆರಳ ತುದಿಯ ಮೇಲೆ ಬಂತು. ಸುತ್ತಿಗೆ ಕೆಳಗಿಟ್ಟೆ.

“ನನ್ ಕೈಲಾಗಲ್ಲ ಯಜಮಾನ್ರೇ.”

“ಹಾಗಾದ್ರೆ ನಾಳೆಯಿಂದ ಬರ್ಬೇಡ, ದೊಡ್ಡ ಮನುಷ್ಯ.”

ನಾನು ಹೊರಡುವವರೆಗೆ ಅವರೂ ಸುತ್ತಿಗೆ ಮುಟ್ಟಲಿಲ್ಲ.

ಅಂಗಡಿಯ ಮೊಳೆಗಳು ನನ್ನ ಜೇಬಿನಲ್ಲೇ ಉಳಿದಿವೆ. ನಾಳೆ ಕೊಟ್ಟು ಬರಬೇಕು. ಸುಳ್ಳೇಕೆ, ಹೋಗುವುದು ಮೊಳೆಗಾಗಿ ಅಲ್ಲ. ಒಡತಿ ಹತ್ತಕ್ಕೆ ಬರುತ್ತಾರೆ. ನಾನು ಒಂಬತ್ತೂವರೆಗೇ ಅಂಗಡಿಯ ಬಾಗಿಲಲ್ಲಿ ನಿಂತಿರುತ್ತೇನೆ, ಆ ಕೈಯ ವಿಷಯ ಅವರಿಗೆ ಹೇಳಲು.