ತುದಿ ಎಳೆದರೆ ಬಿಚ್ಚುವ ಗಂಟು

ಅಂಗಡಿಯವರಿಗೆ ನಮಸ್ಕಾರ.

ನಿಮ್ಮ ಬೀದಿಯ ಚರಂಡಿ ಕಸ ತೆಗೆಯುವವಳು ನಾನು. ಸೋಮವಾರದಿಂದ ಪ್ಲಾಸ್ಟಿಕ್ ಚೀಲ ಬಂದ್ ಅಲ್ಲವೇ, ಅಂಗಡಿಗೊಂದು ಬಟ್ಟೆ ಚೀಲ ಹಂಚುತ್ತಿದ್ದೇವೆ. ಎಲ್ಲದರಲ್ಲೂ ಇದೇ ಪತ್ರ ಇಟ್ಟಿದ್ದೇನೆ.

ಚರಂಡಿಗೆ ಬರುವ ಕೆಲವು ಚೀಲಗಳ ಗಂಟೇ ಬೇರೆ. ಜನ ಬಿಚ್ಚಲಾಗದೆ ಹರಿದೆಸೆಯುತ್ತಾರೆ. ಕುಣಿಕೆಯ ತುದಿ ಎಳೆದರೆ ಸಾಕು, ಸಲೀಸಾಗಿ ಬಿಚ್ಚುತ್ತದೆ. ನಿಮ್ಮಲ್ಲಿ ಯಾರು ಹಾಗೆ ಕಟ್ಟುವುದು? ಕಲಿಸಿದ್ದು ಯಾರು? ಅದು ನಮ್ಮಪ್ಪ ಕಂಡುಕೊಂಡ ಗಂಟು. ಅವರು ಕಲಿಸಿದ್ದು ಇಬ್ಬರಿಗೇ: ನನಗೆ, ಮತ್ತೆ ಮುನಿಸಿಕೊಂಡು ಮನೆ ಬಿಟ್ಟ ನನ್ನಣ್ಣನಿಗೆ.

ಪ್ಲಾಸ್ಟಿಕ್ ನಿಂತರೆ ನನ್ನ ಬೆನ್ನಿಗೆ ಸುಖ. ಆದರೆ ಆ ಗಂಟೂ ನಿಂತುಹೋಗುತ್ತದೆ, ಅದಕ್ಕೇ ಈ ಅವಸರ.

ಗಂಟು ನಿಮ್ಮದಾದರೆ ಈ ಚೀಲದ ಬಾಯಿಗೂ ಹಾಗೇ ಕಟ್ಟಿ ಬಾಗಿಲಿಗೆ ನೇತುಹಾಕಿ. ಹಳೆಯದನ್ನು ಯಾರೂ ಕೆದಕುವುದಿಲ್ಲ, ಅಣ್ಣ. ನಾನು ಮನೆಗೆ ಬಂದೊಡನೆ ಅಪ್ಪ ಕೇಳುವುದು ಒಂದೇ: "ಇವತ್ತೂ ಆ ಗಂಟು ಸಿಕ್ತೇನಮ್ಮ?"

ಇಂತಿ,
ನಿನ್ನ ಬಾಲಂಗೋಚಿ