ಎಂಟನೇ ತೂಬು

ಅಂಕೋಲೆಯ ಗೋಡೆಮನೆ
ಕಡಲಗೋಡೆ ೨೧೪ನೇ ವರ್ಷ, ಹದಿಮೂರನೇ ತಿಂಗಳ ಮೂವತ್ತೆಂಟನೇ ದಿನ

ಗದಗಿನ ಇಂದುಮತಿ ಅಮ್ಮನವರಿಗೆ ಮಾದೇವಿ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ನಾನು ನಿಮಗಿಂತ ನಾಲ್ಕು ನೂರು ವರ್ಷ ಆಚೆಯವಳು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದಂಚೆ, ಅಂದರೆ ಹಿಂದಿನ ಕಾಲದವರಿಗೆ ಬರೆಯುವ ಕಾಗದ. ಒಬ್ಬರಿಗೆ ಜನ್ಮಕ್ಕೆ ಒಂದೇ ಹಾಳೆ. ನನ್ನದನ್ನು ತೀರಿಹೋದ ಅಜ್ಜಿಗೆಂದು ಎತ್ತಿಟ್ಟಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಗಂಡ, ಹುಲಿಯ ಎಂಬವನು, ಎಂಟನೇ ತೂಬಿನ ಕಾಲುವೆಯಲ್ಲಿದ್ದಾನೆ. ಮಧ್ಯಾಹ್ನದಿಂದ ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ.

ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಬಂದು, ಉಳಿದ ಹೊತ್ತಿನಲ್ಲಿ ಖುಷಿಗೆಂದು ನೀವು ಬರೆಯುತ್ತಿರುವ ಆ ಪುಟ್ಟ ಆಪರೇಟಿಂಗ್ ಸಿಸ್ಟಮ್, ‘ಗುಬ್ಬಿ’, ಇವತ್ತು ನಮ್ಮ ಊರು ಕಾಯುತ್ತಿದೆ. ನಗಬೇಡಿ. ದೊಡ್ಡ ದೊಡ್ಡ ಸಿಸ್ಟಮ್‌ಗಳಿಗೆ ಬೆಳಿಗ್ಗೆ ಏಳಲೂ ಅವನ್ನು ಮಾಡಿದ ಒಡೆಯರ ಅಪ್ಪಣೆ ಬೇಕಿತ್ತಂತೆ. ಒಡೆಯರು ಹೋದ ಮೇಲೆ ಅವು ಏಳಲೇ ಇಲ್ಲ. ಗುಬ್ಬಿ ಯಾರನ್ನೂ ಕೇಳದೆ ಎದ್ದು ಕೂತಿತು. ನಮ್ಮ ಕಡಲಗೋಡೆಗೆ ಹನ್ನೊಂದು ತೂಬುಗಳು. ಎಲ್ಲಿ ನೀರಿನ ಒತ್ತಡ ಏರುತ್ತದೋ ಆ ತೂಬು ತೆರೆದು ಹಿಂದಿನ ಕಾಲುವೆಗೆ ನೀರು ಬಿಡಬೇಕು. ಯಾವ ತೂಬು ಎಂದು ತೋರಿಸುವುದು ಗುಬ್ಬಿಯ ಪರದೆ. ಕೋಡಿನ ನಡುವೆ ನೀವು ಗೀಚಿದ ಟಿಪ್ಪಣಿಗಳೂ ಉಳಿದಿವೆ. ಪರದೆಯ ಮೇಲೆ ಮೊದಲ ಚುಕ್ಕೆ ಮೂಡಿದ ದಿನ ಮಗಳನ್ನು ಕರೆದು ತೋರಿಸಿದಿರಂತೆ, ಅವಳು “ಇಷ್ಟೇನಾ?” ಅಂದಳಂತೆ. ನಾವು ಮಕ್ಕಳಿಗೆ ಈ ಕಥೆ ಹೇಳಿ ಉಣ್ಣಿಸುತ್ತೇವೆ.

ಇನ್ನೊಂದು ಟಿಪ್ಪಣಿ ಇದೆ. ಚಿತ್ರದ ಒಂದು ಗೆರೆ ಮುಗಿಸಿ ಮುಂದಿನ ಗೆರೆಗೆ ಹೋಗುವಾಗ ಯಂತ್ರದ ನೆನಪಿನಲ್ಲಿ (ನೀವು ಮೆಮೊರಿ ಅನ್ನುತ್ತೀರಲ್ಲ) ಎಷ್ಟು ದೂರ ಹೆಜ್ಜೆ ಹಾಕಬೇಕೆಂದು ಪರದೆಯನ್ನೇ ಕೇಳಬೇಕು. ನೀವು ಕೇಳದೆ ಪರದೆಯ ಅಗಲದಷ್ಟೇ ಹೆಜ್ಜೆ ಹಾಕಿ, ಪಕ್ಕದಲ್ಲಿ “ಎರಡೂ ಒಂದ ಐತಲ್ಲ, ಕೇಳೂದ್ಯಾಕ?” ಎಂದು ಬರೆದಿರಿ. ನಿಮ್ಮ ಪರದೆಯಲ್ಲಿ ಎರಡೂ ಒಂದೇ ಇತ್ತು. ನಮ್ಮದರಲ್ಲಿ ಹೆಜ್ಜೆ ಅಗಲಕ್ಕಿಂತ ಒಂದು ಚುಕ್ಕೆ ಹೆಚ್ಚು. ಹಾಗಾಗಿ ಪ್ರತಿ ಗೆರೆಯೂ ಮೇಲಿನದಕ್ಕಿಂತ ಒಂದು ಚುಕ್ಕೆ ಎಡಕ್ಕೆ ಜಾರಿ, ತೂಬಿನ ಸಂಖ್ಯೆ ಮೇಲೆ ಒಂದು ಕಡೆ, ಅದರ ಕೆಂಪು ಗುರುತು ಕೆಳಗೆ ಎರಡು ಮನೆ ಎಡಕ್ಕೆ ಬೀಳುತ್ತಿತ್ತು. ತಿದ್ದುವ ಬದಲು ನಮ್ಮ ಹಿರಿಯರು ಓರೆಶಾಲೆ ತೆರೆದರು. ಆರು ವರ್ಷ ಕುತ್ತಿಗೆ ವಾಲಿಸಿ ಕೂತು, ಕಂಡದ್ದಕ್ಕೆ ಎರಡು ಕೂಡಿಸಲು ಕಲಿಯಬೇಕು. ಹುಲಿಯನ ಕುತ್ತಿಗೆ ಬಗ್ಗುತ್ತಲೇ ಇರಲಿಲ್ಲ, ದಿನವೂ ಬೈಸಿಕೊಳ್ಳುತ್ತಿದ್ದ. ಪಕ್ಕದ ಬೆಂಚಿನಲ್ಲಿ ಕೂತು ನಗುತ್ತಾ ನಗುತ್ತಾ ನಾನು ಅವನನ್ನೇ ಕಟ್ಟಿಕೊಂಡೆ.

ನಿನ್ನೆ ನಾನು ಕೋಡಿನ ಆ ಸಾಲು ತಿದ್ದಿದೆ. ಇನ್ನೂರು ವರ್ಷದಲ್ಲಿ ಮೊದಲ ಸಲ ಪರದೆ ನೆಟ್ಟಗೆ ನಿಂತಿತು. ಊರಿಗೆ ಊರೇ ನೋಡಲು ಬಂತು. ಹುಲಿಯ ಮಾತ್ರ, ಹದಿನೈದು ದಿನ ಎಲ್ಲರಿಗೂ ರೂಢಿಯಾಗಲಿ, ಪರದೆ ಓದುವ ಹನ್ಮಕ್ಕನನ್ನು ಒಂದು ಮಾತು ಕೇಳು, ಆಮೇಲೆ ಹಾಕು ಅಂದಿದ್ದ. ನೆಟ್ಟಗಿರುವುದನ್ನು ನೋಡಲೂ ಶಾಲೆ ಬೇಕೇನೋ ಎಂದು ಅವನ ಬಾಯಿ ಮುಚ್ಚಿಸಿದೆ. ಕೊಬ್ಬು, ಅಮ್ಮ, ಮತ್ತೇನಲ್ಲ.

ಇವತ್ತು ಮಧ್ಯಾಹ್ನದ ಉಬ್ಬರಕ್ಕೆ ಪರದೆಯಲ್ಲಿ ಆರನೇ ತೂಬಿನ ಸಂಖ್ಯೆಯ ಕೆಳಗೆ ಕೆಂಪು ಏರಿತು. ನಲವತ್ತು ವರ್ಷದಿಂದ ಪರದೆ ಓದುವ ಹನ್ಮಕ್ಕ ಕುತ್ತಿಗೆ ವಾಲಿಸಿ, ಎರಡು ಕೂಡಿಸಿ, “ಎಂಟು ತೆಗೀರಿ” ಅಂದರು. ನಾನು ಪಕ್ಕದಲ್ಲೇ ಹೆಮ್ಮೆಯಿಂದ ನಿಂತಿದ್ದೆ. ತಪ್ಪು ಹೊಳೆದು ಬಾಯಿ ತೆರೆಯುವಷ್ಟರಲ್ಲಿ ತೂಬು ಎದ್ದಿತ್ತು. ಎಂಟರ ಕಾಲುವೆಯಲ್ಲಿ ಮೂವರು ಹೂಳು ತೆಗೆಯುತ್ತಿದ್ದರು. ಇಬ್ಬರು ಏಣಿ ಹಿಡಿದು ಮೇಲೆ ಬಂದರು. ಅವರನ್ನು ಏಣಿಗೆ ನೂಕಿದವನು ಮೂರನೆಯವನಾದ ಹುಲಿಯನೇ ಅಂತೆ.

ಹನ್ಮಕ್ಕ ಇಲ್ಲೇ ನನ್ನ ಎದುರು ಕೂತಿದ್ದಾರೆ. ಕುತ್ತಿಗೆ ಇನ್ನೂ ವಾಲಿದೆ. “ಕಣ್ಣಿಗೆ ನೆಟ್ಟಗೇ ಕಂಡಿತ್ತೇ ಮಾದೇವಿ, ಕುತ್ತಿಗೆ ಕೇಳ್ಲಿಲ್ಲ” ಎಂದು ಅದನ್ನೇ ಹೇಳುತ್ತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲೆ ಇತ್ತು, ಈ ಕಾಗದ ಹಿಡಿದಾಗ ಬಯ್ಯಬೇಕೆಂದೇ ಕೂತಿದ್ದೆ. ಆದರೆ ನೀವು ಪರದೆಯನ್ನು ಕೇಳಲಿಲ್ಲ, ನಾನು ಹನ್ಮಕ್ಕನನ್ನು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಬಯ್ಯಲಿ?

ಹಾಳೆ ಮುಗಿಯುತ್ತಾ ಬಂತು. ಕಾಲುವೆಯ ಕಡೆಯಿಂದ ಯಾರೋ ಕೂಗುತ್ತಿದ್ದಾರೆ, ಏನೆಂದು ಕೇಳಿಸುತ್ತಿಲ್ಲ. ಅಮ್ಮ, ಈ ಕಾಗದ ನಿಮ್ಮ ಕೈ ಸೇರಿದರೆ ಆ ಸಾಲು ಅಳಿಸಿ, ಪರದೆಯನ್ನೇ ಕೇಳಿ ಬರೆಯಿರಿ. ನೀವು ಹಾಗೆ ಮಾಡಿದರೆ ನಮ್ಮಲ್ಲಿ ಓರೆಶಾಲೆ ಇರುವುದಿಲ್ಲ, ಆ ಬೆಂಚೂ ಇರುವುದಿಲ್ಲ. ಹುಲಿಯ ಯಾರೋ, ನಾನು ಯಾರೋ. ಎಲ್ಲ ಗೊತ್ತಿದ್ದೇ ಕೇಳುತ್ತಿದ್ದೇನೆ. ಅವನು ಬೇರೆ ಯಾರದಾದರೂ ಗಂಡನಾಗಿ ಈ ಸಂಜೆ ಮನೆಗೆ ಹೋಗಲಿ.

ಮಾದೇವಿ