ಗುರುವಾರದ ಮುಹೂರ್ತ

ಜಮಖಂಡಿ
ತಾ. ೨೩-೨-೨೦೨೫

ಚಿ. ಸೌ. ಕೇತಕಿಗೆ ನಿನ್ನ ಮಾವ ಸದಾಶಿವನ ಆಶೀರ್ವಾದ.

ಹೊಲಿಗೆ ಮಾಯುತ್ತಿದೆಯೇ? ಮೊಮ್ಮಗ ಹಾಲು ಸರಿಯಾಗಿ ಕುಡಿಯುತ್ತಾನೆಯೇ? ಉಸಿರಾಟ ಈಗ ನೆಟ್ಟಗಾಗಿದೆ ಎಂದು ವಿಶ್ವಾಸ ಹೇಳಿದ. ಮಗನ ಮಾತಿಗಿಂತ ನೀನು ಹೇಳಿದರೆ ನನಗೆ ಸಮಾಧಾನ. ಗಲಗಲಿಯಲ್ಲಿ ಹೊಳೆಯ ಗಾಳಿ ಥಂಡಿ, ಕುಂಚಿಗೆ ಕಟ್ಟದೆ ಕೂಸನ್ನು ಹೊರಗೆ ತರಬೇಡ. ನಿನ್ನ ತಾಯಿ ನನಗಿಂತ ತಿಳಿದವರು, ಆದರೂ ಬರೆದೆ. ಫೋನಿನಲ್ಲಿ ಹೇಳಲು ಹೋಗಿ ಎರಡು ಸಲ ಬರೀ ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ನಿನ್ನೆ ಡಾಕ್ಟರ್ ಬಾಯಿಯವರ ಹತ್ತಿರ ಹೋಗಿದ್ದೆ. ಕೂಸಿಗೆ ಆರು ದಿನ ಗಾಜಿನ ಪೆಟ್ಟಿಗೆ, ಆಕ್ಸಿಜನ್ ಯಾಕೆ ಬೇಕಾಯಿತು ಎಂದು ಕೇಳಿದೆ. ಸಿಟ್ಟಾಗದೆ ತಿಳಿಸಿ ಹೇಳಿದರು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದು ನೋಡಿದರೆ, ಬೇನೆ ಬಂದು ಹುಟ್ಟಿದ ಕೂಸುಗಳಲ್ಲಿ ಕೆಲವು ಹಾರ್ಮೋನುಗಳು ಹೆಚ್ಚಿರುತ್ತವಂತೆ. ಬೇನೆಗೆ ಮೊದಲೇ ಆಪರೇಷನ್ ಮಾಡಿ ತೆಗೆದವುಗಳಲ್ಲಿ ಕಡಿಮೆಯಂತೆ. ಎದೆಯೊಳಗಿನ ನೀರು ಆರಿಸಿ ಕೂಸನ್ನು ಉಸಿರಾಟಕ್ಕೆ ಅಣಿ ಮಾಡುವುದು ಅವೇ. "ಕೂಸಿನ ಕಾಲು ಕೆಳಗಿದ್ವು, ಆಪರೇಷನ್ ಬೇಕೇ ಇತ್ರಿ. ಆದರ ಇನ್ನೊಂದು ವಾರ ತಡೀರಿ ಅಂತ ಹೇಳಿದ್ದೆ. ತಡದಿದ್ರ ತ್ರಾಸ ಆಗ್ತಿರಲೇ ಇಲ್ಲ ಅಂತ ಖಾತ್ರಿ ಹೇಳಾಕಾಗೂದಿಲ್ಲ, ಕಡಿಮಿ ಆಗಬಹುದಿತ್ತು" ಎಂದರು.

ಹೇಳಿದ್ದರು, ಹೌದು. ನೀನೂ ಕೇಳಿದ್ದೆ, "ಮಾವಾರ, ಇನ್ನೊಂದು ವಾರ ತಡಿಯೂಣೇನ್ರಿ?" ಎಂದು. ನಲವತ್ತು ವರ್ಷ ಪೌರೋಹಿತ್ಯ ಮಾಡಿ ಊರಿಗೆಲ್ಲ ಮುಹೂರ್ತ ತೆಗೆದುಕೊಟ್ಟವನ ಗತ್ತು ನನಗೆ. ಪಂಚಾಂಗ ಮುಚ್ಚಿ, "ಗ್ರಹಗಳು ನಿನ್ನ ಸಲುವಾಗಿ ತಡಿಯೂದಿಲ್ಲವಾ, ಗುರುವಾರ ಹತ್ತೂವರಿ ಅಂದ್ರ ಹತ್ತೂವರಿ" ಎಂದೆ. ಆ ದಿನ ಕೂಸು ಒಳಗೆ ಏದುಸಿರು ಬಿಡುತ್ತಿದ್ದಾಗ ನಾನು ಹೊರಗೆ ಪೇಢೆ ಹಂಚುತ್ತ, ಎಂಥ ಲಗ್ನದಲ್ಲಿ ಹುಟ್ಟಿದ ನೋಡಿ ಎಂದು ಕಂಡವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಇನ್ನೂ ನಾಚಿಕೆಯ ಸಂಗತಿಯೆಂದರೆ, ನಿನ್ನತ್ತೆ ಕಾಶೀಬಾಯಿ ಆಸ್ಪತ್ರೆಗೆ ಬಂದವರ ಮುಂದೆಲ್ಲ, "ಇಕೀಗೆ ಬ್ಯಾನಿ ತಿನ್ನೂ ತಾಕತ್ತಿಲ್ಲ, ಕೂಸೂ ಹಂಗ ಹುಟ್ಟ್ಯದ" ಎಂದಳು. ನೀನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ, ಬಾಯಿ ಬಿಡಲಿಲ್ಲ. ನಿನ್ನದೇನೂ ತಪ್ಪಿಲ್ಲ ತಂಗಿ. ಎಲ್ಲ ನನ್ನದು.

ನಿನ್ನ ತಂದೆ-ತಾಯಿಗೆ ನಮಸ್ಕಾರ ತಿಳಿಸು. ಕೂಸಿಗೆ ಆಯುಷ್ಯ, ನಿನಗೆ ಶಕ್ತಿ ಬರಲಿ.

ನಿನ್ನ ಮಾವ,
ಸದಾಶಿವ

ತಾ. ಕ.: ಈ ಕಾಗದ ಒಯ್ಯಲು ವಿಶ್ವಾಸ ಬೈಕ್ ಚಾಲೂ ಮಾಡಿ ಕರೆಯುತ್ತಿದ್ದಾನೆ. ಖರೆ ಮಾತು ಬರೆಯದೆಯೇ ಕಾಗದ ಮಡಚಿದ್ದೆ. ಅದರ ಮುಂದಿನ ವಾರ, ಆ ಗುರುವಾರಕ್ಕಿಂತ ಒಳ್ಳೆಯ ಮುಹೂರ್ತವೇ ಇತ್ತು. ಆದರೆ ಮನೆಯಲ್ಲಿ ಕೂಸು ಹುಟ್ಟಿದರೆ ಹತ್ತು ದಿನ ವೃದ್ಧಿಯ ಮೈಲಿಗೆ, ನಾನು ಯಾರ ಪೂಜೆಗೂ ಕೂಡುವಂತಿಲ್ಲ. ಬನಹಟ್ಟಿಯ ದೊಡ್ಡ ಹೋಮಕ್ಕೆ ಮೊದಲ ಸಲ ನನ್ನನ್ನು ಮುಖ್ಯ ಆಚಾರ್ಯನೆಂದು ಕರೆದಿದ್ದರು, ಅದು ತಪ್ಪಿಹೋಗುತ್ತಿತ್ತು. ಹೋಮದ ಹೊತ್ತಿಗೆ ವೃದ್ಧಿ ಮುಗಿದಿರಲೆಂದು ಕೂಸನ್ನು ವಾರ ಮೊದಲೇ ಹುಟ್ಟಿಸಿದೆ. ಇದನ್ನು ನಿನ್ನತ್ತೆಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಶುಕ್ರವಾರ ಅವಳು ಅಲ್ಲಿಗೆ ಬರುತ್ತಾಳೆ. ಮತ್ತೆ ನಿನಗೆ ಏನಾದರೂ ಅಂದರೆ, ಈ ಕಾಗದ ಅವಳ ಕೈಯಲ್ಲಿ ಕೊಡು.